ನಾಲ್ಕು ಬೀಡಿಯ ಮಾತು

ಕಳೆದ ವಾರ ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ತಾಂಡೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಹಣೆ ತುಂಬ ಅರಿಶಿನದ ಭಂಡಾರ ಬಳಿದುಕೊಂಡ ಕುರಿ ಕಾಯುವ ಮುದುಕನೊಬ್ಬ ಬಂದು ಪಕ್ಕದಲ್ಲಿ ಕುಕ್ಕರಿಸಿದ. ಅವನ ಕಂಬಳಿ ಮಂಜಿಗೆ ನೆನೆದಿತ್ತು. ಕಿವಿಯ ಸಂದಿನಿಂದ ಬೀಡಿ ತೆಗೆದು, ಕಡ್ಡಿಪೆಟ್ಟಿಗೆ ಅದ ಏನ್ರಿ ಎಂದು ಕೇಳಿದ. "ಬಿಟ್ಟೀನ್ರಿ" ಅಂದೆ. ಆಚೆಯವರ ಹತ್ತಿರ ಕಡ್ಡಿ ಇಸಿದುಕೊಂಡು ಹಚ್ಚಿದ. ಅರಿಶಿನ, ಒದ್ದೆ ಉಣ್ಣೆ, ಬೀಡಿ ಹೊಗೆ ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ನಾನು ಎದ್ದು ದೂರ ಹೋಗಿ ನಿಂತೆ. ನನಗೆ ಹೊಗೆ ಆಗಿಬರುವುದಿಲ್ಲ ಎಂದು ಮುದುಕ ತಿಳಿದುಕೊಂಡಿರಬೇಕು. ನಿಜ ಬೇರೆ. ನನ್ನನ್ನು ಎಬ್ಬಿಸಿದ್ದು ನನ್ನ ಬಾಯಿಂದಲೇ ಬಂದ ಆ ಒಂದು ಮಾತು. ಅದನ್ನು ನಾನು ಮೊದಲ ಸಲ ಹೇಳಿದ್ದು ನನ್ನ ತಮ್ಮ ಮಾಳಪ್ಪನಿಗೆ, ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ.

ನಾವು ಕಂಗ್ಟಿ ಕಡೆಯವರು. ಕುರಿ ಸಾಕುವ ಮನೆತನ. ನಾನು ನಾಲ್ಕಕ್ಷರ ಕಲಿತು ಜಹೀರಾಬಾದಿನಲ್ಲಿ ಕನ್ನಡ ಮಾಸ್ತರನಾದೆ. ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ಮಾಳಪ್ಪ ಊರಲ್ಲೇ ಉಳಿದು ಹೊಲ, ಕುರಿ, ಮನೆದೇವರು ಮೂರನ್ನೂ ನೋಡಿಕೊಂಡ. ಮನೆದೇವರು ಮಲ್ಲಣ್ಣ. ಭಾನುವಾರಕ್ಕೊಮ್ಮೆ ಪೂಜೆ ಮಾಡಿ, ಚೀಲದಿಂದ ಅರಿಶಿನ ಪುಡಿ ತೆಗೆದು ಮನೆಮಂದಿಯ ಹಣೆಗೆಲ್ಲ ಹಚ್ಚುವವನು ಅವನೇ. ಆ ಪುಡಿಯೇ ಭಂಡಾರ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ನಮ್ಮವರು ಕೋರ್ಟಿನ ಕಾಗದಕ್ಕಿಂತ ಹೆಚ್ಚು ನಂಬುತ್ತಾರೆ.

ನಮ್ಮಲ್ಲಿ ಇನ್ನೊಂದು ಕಟ್ಟುಪಾಡು ಉಂಟು. ತಮ್ಮನಾದವನು ಅಣ್ಣನ ಎದುರು ಬೀಡಿ ಸೇದುವಂತಿಲ್ಲ. ಮೊಮ್ಮಕ್ಕಳನ್ನು ಕಂಡ ಮುದುಕ ಕೂಡ, ಅಣ್ಣ ಬಂದನೆಂದರೆ ಉರಿಯುವ ಬೀಡಿಯನ್ನು ಅಂಗೈಯಲ್ಲೇ ಹೊಸಕಿ ಎದ್ದು ನಿಲ್ಲುತ್ತಾನೆ. ಮಾಳಪ್ಪನ ಮಗಳು ಭಾಗ್ಯ ಇಂಟರ್ ಓದುವ ಹೊತ್ತಿಗೂ ಅವನ ತುಟಿಯಲ್ಲಿ ಬೀಡಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಅವನು ಸೇದುತ್ತಾನೆ ಎಂದು ಗೊತ್ತಿತ್ತು, ಎಷ್ಟು ಎಂದು ಗೊತ್ತಿರಲಿಲ್ಲ. ನನ್ನ ಮರ್ಯಾದೆಗಾಗಿ ಮುಚ್ಚಿಡುತ್ತಾನೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ನಾನೋ, ಹದಿನೆಂಟನೇ ವಯಸ್ಸಿಗೆ ಹಿಡಿದವನು ದಿನಕ್ಕೊಂದು ಪ್ಯಾಕ್ ಸಿಗರೇಟು ಎಲ್ಲರೆದುರೇ ಸುಡುತ್ತಿದ್ದೆ. ಅಣ್ಣನಿಗೆ ಯಾರ ಭಯ?

ದೀಪಾವಳಿಗೆ ಮುಂಚೆ ಅವನು ಜಹೀರಾಬಾದಿಗೆ ಬಂದ. ನನ್ನ ಮನೆ ಮೇಲಿನ ಅಂತಸ್ತಿನಲ್ಲಿ, ಹದಿನಾರು ಮೆಟ್ಟಿಲು. ಕುರಿಯ ಹಿಂದೆ ದಿನವಿಡೀ ನಡೆಯುವ ಆಳು ಏಳನೇ ಮೆಟ್ಟಿಲಿಗೆ ಕೂತುಬಿಟ್ಟ. ನಾನು ಮೇಲಿನಿಂದ ಬಗ್ಗಿ ನೋಡಿ, ಏನೋ ಹೊಸ ಮದುಮಗನ ಹಾಗೆ ಕೂತೀಯಲ್ಲ ಎಂದು ನಕ್ಕೆ. ಅವನೂ ನಗಲಿಕ್ಕೆ ಹೋದ, ಆಗಲಿಲ್ಲ. ಭುಜಗಳು ಮೇಲೆ ಕೆಳಗೆ ಆಗುತ್ತಿದ್ದವು. ಕತ್ತಿನ ನರಗಳು ಉಬ್ಬಿದ್ದವು. ನನ್ನ ನಗು ಅಲ್ಲೇ ಸತ್ತಿತು.

ಮರುದಿನ ಜಹೀರಾಬಾದಿನ ಡಾಕ್ಟರರ ಹತ್ತಿರ ಕರೆದೊಯ್ದೆ. ಎದೆಯ ಫೋಟೋ ತೆಗೆದರು, ಕೊಳವೆಯಲ್ಲಿ ಊದಿಸಿದರು. ನಲವತ್ತೆರಡರ ಆಳಿಗೆ ಎಪ್ಪತ್ತರ ಎದೆ ಇದೆ ಎಂದರು. ಕಲ್ಲಿನ ಕೆಲಸ ಮಾಡಿದ್ದೀರಾ, ತಾಂಡೂರಿನ ಕಲ್ಲುಗಣಿ ಕಡೆ ಇದ್ದಿರಾ ಎಂದು ಕೇಳಿದರು. ಇಲ್ಲ. ಸಿಮೆಂಟಿನ ಕೆಲಸ? ಅದೂ ಇಲ್ಲ. ಹಾಗಾದರೆ ದಿನಕ್ಕೆ ಎಷ್ಟು ಬೀಡಿ ಎಂದರು. ಮಾಳಪ್ಪ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ನಾನು ಎದುರಿಗಿದ್ದದ್ದಕ್ಕೆ ಆ ನಾಚಿಕೆ.

"ನಾಕ್ರಿ," ಅಂದ.

ಡಾಕ್ಟರರು ಬರೆಯುತ್ತಲೇ ಸಣ್ಣಗೆ ನಕ್ಕರು. ಇಲ್ಲಿಗೆ ಬಂದವರೆಲ್ಲ ನಾಲ್ಕೇ ಸೇದುತ್ತಾರೆ ಮಾಸ್ತರೇ ಎಂದರು. ಆ ನಗು ನನ್ನನ್ನು ಸುಟ್ಟಿತು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವನು ನಾನು. ತಲೆ ತಗ್ಗಿಸಿದರೆ ಸುಳ್ಳು, ಒಂದೇ ಶಬ್ದದಲ್ಲಿ ಉತ್ತರಿಸಿದರೆ ದೊಡ್ಡ ಸುಳ್ಳು. ಇಷ್ಟೇ ನನ್ನ ವಿದ್ಯೆ. ಹೊರಗೆ ಬಂದವನೇ ಬೇವಿನ ಮರದ ಕೆಳಗೆ ಸಿಗರೇಟು ಹಚ್ಚಿಕೊಂಡು, ಇವತ್ತಿನಿಂದ ಒಂದು ಸೇದಿದರೂ ನನ್ನ ಮುಖ ನೋಡಬೇಡ ಎಂದು ಅವನಿಗೆ ಬುದ್ಧಿ ಹೇಳಿದೆ. ಸಿಗರೇಟು ಹಿಡಿದ ಕೈಯನ್ನೇ ಆಡಿಸಿ ಹೇಳಿದೆ. ಅವನು ಹೂಂ ಅಂದ. ದಮ್ಮಿಗೆ ಕೊಟ್ಟ ಪಂಪಿನ ಔಷಧಿ ಜೇಬಿಗಿಟ್ಟುಕೊಂಡು ನಾರಾಯಣಖೇಡದ ಬಸ್ಸು ಹತ್ತಿದ.

ಆ ವರ್ಷ ಚಳಿ ಬೇಗ ಬಿತ್ತು. ಬೆಳಗಿನ ಎಂಟಾದರೂ ಮಂಜು ಏಳುತ್ತಿರಲಿಲ್ಲ. ತೊಗರಿ ಕಾಯಿ ಕಟ್ಟಿತ್ತು, ಜೋಳ ಎದೆಯುದ್ದ ನಿಂತಿತ್ತು. ನಾನು ರಜೆ ಸಿಕ್ಕಾಗೆಲ್ಲ ಊರಿಗೆ ಓಡುತ್ತಿದ್ದೆ. ಹೋದಾಗೊಮ್ಮೆ ಅವನು ಇನ್ನಷ್ಟು ಇಳಿದಿರುತ್ತಿದ್ದ. ಬೀಡಿ ಬಿಟ್ಟವನು ಸುಧಾರಿಸಬೇಕಲ್ಲ? ನನ್ನ ಲೆಕ್ಕ ಸರಳವಾಗಿತ್ತು. ಬಿಟ್ಟಿಲ್ಲ, ಅದಕ್ಕೇ ಇಳಿಯುತ್ತಿದ್ದಾನೆ. ನಾನು ಇಷ್ಟು ಸುಟ್ಟರೂ ಮೆಟ್ಟಿಲು ಹಾರಿ ಹತ್ತುತ್ತೇನೆ. ನಮ್ಮ ಅಜ್ಜ ಎಂಬತ್ತು ದಾಟುವ ತನಕ ಚಿಲುಮೆ ಎಳೆದು, ಸಾಯುವ ವಾರವೂ ಕುರಿ ಹಿಂದೆ ಹೋಗಿದ್ದ. ನಮ್ಮ ರಕ್ತದಲ್ಲಿ ದಮ್ಮಿನ ರೋಗವಿಲ್ಲ. ನಾಲ್ಕು ಬೀಡಿಗೆ ಇಂಥ ಗತಿ ಬರುವುದಿದ್ದರೆ ನಾನು ಸತ್ತು ಎಷ್ಟೋ ವರ್ಷವಾಗಿರಬೇಕಿತ್ತು. ಹಾಗಾದರೆ ಅವನು ಸೇದಿದ್ದು ನಲವತ್ತಿರಬೇಕು!

ಅವನ ಹೆಂಡತಿ ಕಾಶಮ್ಮನಿಗೆ ಅವನ ಅಂಗಿಯ ವಾಸನೆ ನೋಡಲು ಹೇಳಿದೆ. ಭಾಗ್ಯಳಿಗೆ ಅಪ್ಪನ ಮೇಲೆ ಕಣ್ಣಿಡಲು ಹೇಳಿದೆ. ಆ ಹುಡುಗಿ ಫೋನಿನಲ್ಲಿ ಪ್ರತಿಸಲ, ಅಪ್ಪ ಸೇದಂಗಿಲ್ಲ ದೊಡ್ಡಪ್ಪ ಎಂದು ಒಂದೇ ಮಾತು ಹೇಳುತ್ತಿದ್ದಳು. ಅಪ್ಪ ಹೇಳಿಕೊಟ್ಟಿದ್ದಾನೆ ಅಂದುಕೊಂಡೆ. ತಾ ಕಳ್ಳ ಪರರ ನಂಬ ಎನ್ನುತ್ತಾರಲ್ಲ, ಅದು ನನಗೇ ಕಟ್ಟಿದ ಗಾದೆ.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆಯಲ್ಲಿ ಒಲೆ ಹೊತ್ತಿಸಿ, ಹೊಲದಲ್ಲಿ ಊಟ. ಭಜ್ಜಿ ಪಲ್ಯ, ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಬುಟ್ಟಿಯಲ್ಲಿ ಹೊತ್ತು ಬೀಗರು ನೆಂಟರ ಸಮೇತ ಹೊಲಕ್ಕೆ ಹೋದೆವು. ಊಟಕ್ಕೆ ಮೊದಲು ಹೊಲದ ಸುತ್ತ ಕೂಗುತ್ತ ಚರಗ ಚೆಲ್ಲಬೇಕು, ಭೂಮಿಗೆ ಉಣಿಸಿದ ಹಾಗೆ. ಮದುವೆಯಾದಂದಿನಿಂದ ಅದು ಮಾಳಪ್ಪನ ಪಾಲಿನದು. ಅವನ ಕೂಗು ಪಕ್ಕದ ಹಳ್ಳಿಗೆ ಕೇಳುತ್ತಿತ್ತು. ಆ ದಿನ ಮೊದಲನೇ ಬದುವಿಗೆ ಕೂಗು ನಿಂತಿತು. ಎರಡನೇ ಬದುವಿನ ಹತ್ತಿರ ಬುಟ್ಟಿ ಕೆಳಗಿಟ್ಟು, ಮೊಣಕಾಲ ಮೇಲೆ ಕೈಯೂರಿ, ತಲೆ ಕೆಳಗೆ ಮಾಡಿ ನಿಂತುಬಿಟ್ಟ. ಕಾಶಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಉಳಿದ ಚರಗವನ್ನು ನಮ್ಮ ದೊಡ್ಡಪ್ಪನ ಮಗ ತುಕ್ಕಪ್ಪ ಚೆಲ್ಲಿ ಬಂದ.

ಅವನಿಗೆ ಕೂರಲಿಕ್ಕೆ ಹಾಸಲೆಂದು ಕುರಿಹಟ್ಟಿಯ ಗುಡಿಸಲಿನಿಂದ ಕಂಬಳಿ ತರಲು ಹೋದೆ. ಗಳುವಿನ ಸಂದಿನಲ್ಲಿ ಒಂದು ಬೀಡಿ ಕಟ್ಟು ಸಿಕ್ಕಿತು. ಹೊತ್ತಿಕೊಂಡಿತು ನನ್ನ ನೆತ್ತಿ. ಎಲ್ಲರ ನಡುವೆ ತಂದು ಅವನ ಮುಂದೆ ಎಸೆದೆ. ಆ ಕಟ್ಟಿನ ದಾರಕ್ಕೆ ಬೂಸಲು ಹಿಡಿದದ್ದನ್ನು ನನ್ನ ಕಣ್ಣು ನೋಡಿತ್ತು, ಎಲೆ ಮೆತ್ತಗಾದದ್ದು ಬೆರಳಿಗೆ ತಿಳಿದಿತ್ತು. ತಿಂಗಳುಗಟ್ಟಲೆ ಯಾರೂ ಮುಟ್ಟದ ಕಟ್ಟು ಅದು. ಆದರೆ ಸಿಟ್ಟು ಬಂದವನಿಗೆ ಬೆರಳಿನ ಮಾತು ಕೇಳುತ್ತದೆಯೇ?

ದೀಪಾವಳಿಗೆ ಮೊದಲು ಇಟ್ಟು ಮರೆತದ್ದು ಎಂದು ಅವನು ಉಸಿರು ಕೂಡಿಸಿ ಕೂಡಿಸಿ ಹೇಳಿದ. ನಾನು ಒಪ್ಪಲಿಲ್ಲ. ಮನೆಗೆ ನಡೆ, ಭಂಡಾರ ಹಿಡಿದು ಹೇಳು ಅಂದೆ. ತುಕ್ಕಪ್ಪ, ಹಬ್ಬದ ದಿನ ಬ್ಯಾಡ ಬಿಡೋ ಮಾಸ್ತರಾ ಎಂದ. ನಾನು ಬಿಡಲಿಲ್ಲ.

ಮಾಳಪ್ಪ ದೇವರ ಮುಂದೆ ಕೂತು ಬಲಗೈ ತುಂಬ ಭಂಡಾರ ಹಿಡಿದ. ಬಾಗಿಲಲ್ಲಿ ಹತ್ತಾರು ಜನ.

"ದಿನಕ್ಕ ನಾಕರ ಮ್ಯಾಲ ಸೇದಿಲ್ಲ. ದೀಪಾವಳಿಲಿಂದ ಒಂದೂ ಮುಟ್ಟಿಲ್ಲ. ಸುಳ್ಳಾದ್ರ ಮಲ್ಲಣ್ಣ ನೋಡ್ಕೋಲಿ," ಅಂದ.

ಇಷ್ಟು ಹೇಳಲಿಕ್ಕೆ ಅವನು ಮೂರು ಸಲ ನಿಂತ. ಆ ನಿಲ್ಲುವಿಕೆಯನ್ನೂ ನಾನು ತಡವರಿಕೆ ಎಂದೇ ಎಣಿಸಿದೆ.

ಆಮೇಲಿನ ಹದಿನೈದು ದಿನದಲ್ಲಿ ಅವನು ಹಾಸಿಗೆ ಹಿಡಿದ. ಸಂಕ್ರಾಂತಿಗೆ ಕಫ ಕಟ್ಟಿ, ನಾರಾಯಣಖೇಡದ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿದರು. ಊರಲ್ಲಿ ಮಾತು ಹಬ್ಬಿತು, ಸುಳ್ಳು ಆಣೆ ಮಾಡಿದ್ದಕ್ಕೆ ಭಂಡಾರ ಬಡಿಯಿತು ಎಂದು. ಯಾರೂ ಅವನ ಎದುರು ಹೇಳಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಭಾನುವಾರ ಅವನು ಗೋಡೆ ಹಿಡಿದು ದೇವರ ಕೋಣೆಗೆ ಹೋಗಿ, ಪೂಜೆ ಮುಗಿಸಿ ಚೀಲ ಹಿಡಿದುಕೊಂಡು ಕೂತರೆ, ಹಣೆ ಒಡ್ಡಲಿಕ್ಕೆ ಯಾರೂ ಬರಲಿಲ್ಲ. ತುಕ್ಕಪ್ಪನ ಮನೆಯವರು ಅಂಗಳ ದಾಟಿ ಹೋದರು. ಭಾಗ್ಯ ಒಬ್ಬಳೇ ಹೋಗಿ ಮುಂದೆ ಕೂತಳು. ನಾನು ಅಲ್ಲೇ ಹೊಸ್ತಿಲಲ್ಲಿದ್ದೆ. ಹೋಗಲಿಲ್ಲ. ಹೋಗದಿದ್ದದ್ದು ಸಾಲದೆಂದು, ಇನ್ನು ನಿನ್ನ ಕೈಯಲ್ಲಿ ಇದು ಬೇಡ ಎಂದು ಅವನ ತೊಡೆಯ ಮೇಲಿನ ಚೀಲ ತೆಗೆದುಕೊಂಡು ಜಹೀರಾಬಾದಿಗೆ ತಂದೆ. ನಮ್ಮಪ್ಪ ಸಾಯುವಾಗ ಅವನ ಕೈಗೆ ಕೊಟ್ಟ ಚೀಲ ಅದು.

ಈಗ ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಆಗ ಹೆದರಿಕೆ ಇತ್ತು, ಅಷ್ಟೇ. ತಮ್ಮ ಕಣ್ಣೆದುರೇ ಮುಳುಗುತ್ತಿದ್ದ. ಬೀಡಿಯೇ ಕಾರಣವಾದರೆ, ಅವನು ಕದ್ದು ಸೇದುತ್ತಿದ್ದರೆ, ಅದನ್ನು ಹಿಡಿದು ನಿಲ್ಲಿಸಿದರೆ ಅವನು ಬದುಕುತ್ತಾನೆ. ಅವನ ಮಾತು ನಿಜವಾದರೆ ನನ್ನ ಕೈಯಲ್ಲಿ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ. ಅವನು ಸುಳ್ಳನಾಗಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಜನವರಿಯ ಕೊನೆಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಎದೆಯ ವಿಭಾಗದಲ್ಲಿದ್ದವರು ವಯಸ್ಸಾದ ಹೆಣ್ಣುಮಗಳು, ತೆಲುಗಿನವರು. ಅವರೂ ಎಷ್ಟು ಬೀಡಿ ಎಂದು ಕೇಳಿದರು. ಮಾಳಪ್ಪ ನನ್ನ ಕಡೆ ನೋಡಿದ. ನೀನೇ ಹೇಳಿಕೋ ಎನ್ನುವ ನೋಟ. ನಾಲ್ಕು ಅನ್ನುತ್ತಾನೆ ಎಂದೆ. ಆ ಅಮ್ಮ ನಗಲಿಲ್ಲ. ನಾಲ್ಕು ಎಂದು ಬರೆದುಕೊಂಡು, ನಿಮ್ಮ ವಂಶದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ದಮ್ಮು ಹತ್ತಿ ಹೋದರಾ ಎಂದು ಕೇಳಿದರು.

ನಾನು ಇಲ್ಲ ಅನ್ನುವವನಿದ್ದೆ. ಕಾಶಮ್ಮ ತಡೆದಳು. ಚಿಕ್ಕಮ್ಮ, ಅಂದರೆ ನಮ್ಮವ್ವನ ತಂಗಿ, ನಲವತ್ತರೊಳಗೆ ದಮ್ಮಿನಿಂದ ಸತ್ತದ್ದು, ಅವಳು ಜನ್ಮದಲ್ಲಿ ಬೀಡಿ ಕಂಡವಳಲ್ಲ, ಒಲೆಯ ಹೊಗೆಯೊಂದೇ ಎಂದಳು. ಅದು ನನಗೂ ಗೊತ್ತಿದ್ದ ಸಂಗತಿ. ಆದರೆ ನಮ್ಮಲ್ಲಿ ವಂಶ ಎಂದರೆ ಅಪ್ಪನ ಬಳ್ಳಿ. ಅವ್ವನ ಕಡೆಯವರ ರೋಗ ಅವರದು, ನಮ್ಮದಲ್ಲ. ಹಾಗೆ ನೋಡಿದರೆ ಅದೂ ಸುಳ್ಳೇ. ನಮ್ಮವ್ವ ಮದುವೆಯಾದದ್ದು ತನ್ನ ಸೋದರಮಾವನನ್ನು. ಎರಡು ಬಳ್ಳಿಯೂ ಒಂದೇ ಬೇರಿನದು. ಡಾಕ್ಟರಮ್ಮ ಅದನ್ನು ಕೇಳಿ ಪೆನ್ನು ಕೆಳಗಿಟ್ಟರು. ಅಣ್ಣತಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ನನ್ನನ್ನೂ ಕೊಳವೆಯಲ್ಲಿ ಊದಿಸಿದರು. ಗಾಜಿನ ಆಚೆ ಗಾಲಿಕುರ್ಚಿಯಲ್ಲಿ ಮಾಳಪ್ಪ ಕೂತಿದ್ದ. ನಾನು ಒಂದೇ ದಮ್ಮಿಗೆ ಊದಿ ಮುಗಿಸಿದೆ. ಚೆನ್ನಾಗಿದೆ ಎಂದರು. ಅವನ ಕಡೆ ನೋಡಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ಹತ್ತು ದಿನಕ್ಕೆ ಕಾಗದ ಬಂತು. ಡಾಕ್ಟರಮ್ಮ ನನ್ನೊಬ್ಬನನ್ನೇ ಕೂಡಿಸಿಕೊಂಡು ತೆಲುಗಿನಲ್ಲಿ ನಿಧಾನವಾಗಿ ತಿಳಿಸಿದರು. ನಮ್ಮ ಲಿವರು ಒಂದು ವಸ್ತು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅದು ಶ್ವಾಸಕೋಶಕ್ಕೆ ಕಾವಲು. ಹೊಗೆ ಒಳಗೆ ಹೋದಾಗ ಅದರ ಮೇಲೆ ಬೀಳಲು ದೇಹ ಏನೇನೋ ಕಳಿಸುತ್ತದೆ, ಆ ಜಗಳದಲ್ಲಿ ಶ್ವಾಸಕೋಶವೇ ಕರಗಿಹೋಗದಂತೆ ಈ ಕಾವಲು ತಡೆಯುತ್ತದೆ. ಅದನ್ನು ತಯಾರಿಸುವ ವಿದ್ಯೆ ಅಪ್ಪನಿಂದ ಒಂದು ಪಾಲು, ಅವ್ವನಿಂದ ಒಂದು ಪಾಲು ಬರಬೇಕು. ಮಾಳಪ್ಪನಿಗೆ ಎರಡೂ ಪಾಲು ಕೆಟ್ಟದ್ದೇ ಬಂದಿತ್ತು. ನನಗೆ ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಎಲ್ಲರ ದಮ್ಮಿಗೂ ಹೀಗೆ ಒಂದೇ ಕಾರಣ ಸಿಗುವುದಿಲ್ಲ, ರಕ್ತದಲ್ಲಿ ಇನ್ನೂ ಎಷ್ಟೋ ಸಣ್ಣಪುಟ್ಟ ಸಂಗತಿಗಳಿವೆ, ಇವರದು ಮಾತ್ರ ಸ್ಪಷ್ಟ ಎಂದರು.

ನಾಲ್ಕೇ ಬೀಡಿಗೆ ಹೀಗಾಗುತ್ತದೆಯೇ ಎಂದು ನಾನು ಮತ್ತೆ ಕೇಳಿದೆ. ಅವರಿಗೆ ನಾಲ್ಕೇ ಬಹಳ ಎಂದರು. ಬಿಟ್ಟ ಮೇಲೂ ಯಾಕೆ ಇಳಿದ ಎಂದೆ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದೇ ಬಹಳ ಕಡಿಮೆ ಇತ್ತು, ಅದರ ಮೇಲೆ ಚಳಿಯ ಸೋಂಕು ಎಂದರು. ಹತ್ತು ವರ್ಷದ ಹಿಂದೆ ಗೊತ್ತಾಗಿದ್ದರೆ ಬೇರೆ ಮಾತು. ಕೊನೆಗೆ ನನ್ನ ಅಂಗಿಯ ಜೇಬಿನಲ್ಲಿ ಎದ್ದು ಕಾಣುವ ಪ್ಯಾಕ್ ನೋಡಿ, ನಿಮಗೆ ಏನೂ ಆಗಿಲ್ಲ ಅಂದುಕೊಳ್ಳಬೇಡಿ, ಇನ್ನೂ ಆಗಿಲ್ಲ ಅಷ್ಟೇ, ನೀವೂ ಬಿಡಿ ಎಂದರು.

ವಾರ್ಡಿಗೆ ಹೋಗುವ ದಾರಿ ಉದ್ದವಾಗಿತ್ತು. ಏನು ಹೇಳಲಿ? ಅವನಿಗೆ ತಿಳಿಯುವ ಹಾಗೆ ಹೇಳಬೇಕೆಂದು, ನಿನ್ನ ಎದೆ ನಾಯಿಯಿಲ್ಲದ ಕುರಿಹಟ್ಟಿ ಮಾಳ್ಯಾ, ಹುಟ್ಟಿದಂದಿನಿಂದ ನಾಯಿಯೇ ಇರಲಿಲ್ಲ ಎಂದೆ. ಅವನು ಕಣ್ಣುಮುಚ್ಚಿ ಕೇಳಿಸಿಕೊಂಡ.

"ಹಂಗಾದ್ರ ತೋಳ ನಾಕೇ ಬಂದ್ರೂ ಸಾಕಲ್ಲ," ಅಂದ.

ನಾನು ಅವನ ಕಾಲ ಹತ್ತಿರ ಕೂತು ಅತ್ತೆ. ನೀನು ನಿಜ ಹೇಳಿದ್ದಿ, ಡಾಕ್ಟರಮ್ಮ ಹೇಳಿದರು ಎಂದು ಅದನ್ನೇ ಮತ್ತೆ ಮತ್ತೆ ಅಂದೆ. ಅವನು ಕೊಳವೆ ಸರಿಸಿಕೊಂಡು ಮಾತಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಚೂರು ಹಗುರವಾಗುತ್ತಿತ್ತು.

"ಕಾಗದ ನೋಡಿ ನಂಬ್ದಿ, ಅಣ್ಣಾ. ಭಂಡಾರ ಹಿಡದಾಗ ನಂಬಲಿಲ್ಲ."

ನಾನು ಕೊಳವೆಯನ್ನು ಮತ್ತೆ ಅವನ ಮೂಗಿಗೆ ಕೂಡಿಸಿದೆ.

ಆಸ್ಪತ್ರೆಯವರು ಇನ್ನು ಮನೆಗೆ ಒಯ್ಯಿರಿ ಎಂದರು. ಆಕ್ಸಿಜನ್ ಮಷಿನ್ ಜೊತೆಗೆ ಊರಿಗೆ ಕರೆತಂದೆವು. ಜೋಳದ ಕೊಯ್ಲು ನಡೆದಿತ್ತು, ಬಾಗಿಲು ತೆರೆದರೆ ಹೊಸ ಸೊಪ್ಪೆಯ ವಾಸನೆ ಒಳಗೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ನಾನೇ ಮನೆಮನೆಗೆ ಹೋಗಿ ತುಕ್ಕಪ್ಪನನ್ನೂ ಎಳ್ಳಮಾವಾಸ್ಯೆಯ ದಿನ ಬಾಗಿಲಲ್ಲಿ ನಿಂತ ಎಲ್ಲರನ್ನೂ ಕರೆತಂದೆ. ಕಾಗದ ತೋರಿಸಿದೆ. ಹೊಟ್ಟೆಯಲ್ಲಿದ್ದಾಗಲೇ ಬಂದದ್ದು, ಭಂಡಾರ ಬಡಿದದ್ದಲ್ಲ, ಮಾಳಪ್ಪ ಆಡಿದ್ದು ಅಕ್ಷರ ಅಕ್ಷರ ನಿಜ, ಸುಳ್ಳಾದವನು ನಾನು ಎಂದೆ. ತುಕ್ಕಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಜಹೀರಾಬಾದಿನಿಂದ ತಂದ ಚೀಲವನ್ನು ಮಾಳಪ್ಪನ ತೊಡೆಯ ಮೇಲೆ ಇಟ್ಟೆ.

ಅವನು ಎಲ್ಲರಿಗೂ ಹಚ್ಚಿದ. ಕಾಶಮ್ಮನಿಗೆ, ಭಾಗ್ಯಳಿಗೆ, ತುಕ್ಕಪ್ಪನಿಗೆ. ಒಬ್ಬರಿಗೆ ಹಚ್ಚಿ ಒಂದಿಷ್ಟು ಹೊತ್ತು ದಣಿವಾರಿಸಿಕೊಂಡು ಇನ್ನೊಬ್ಬರಿಗೆ. ಅಣ್ಣನಿಗೆ ಹಚ್ಚುವ ಮುಂಚೆ ತಮ್ಮನಾದವನು ಅವನ ಕಾಲು ಮುಟ್ಟಬೇಕು, ಅದೂ ಕಟ್ಟುಪಾಡೇ. ಅವನು ಬಾಗಲಿಕ್ಕೆ ನೋಡಿದ. ನಾನು ಮಂಚದ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ. ಹೆಬ್ಬೆಟ್ಟು ಒತ್ತಿ ನನ್ನ ಹಣೆ ತುಂಬ ಭಂಡಾರ ಹಚ್ಚಿದ. ಕೈ ಅಲ್ಲೇ ಇಟ್ಟುಕೊಂಡು, ಹುಟ್ಟಿದಂದಿನಿಂದ ಕೇಳದ ಮಾತೊಂದನ್ನು ಕೇಳಿದ.

"ಅಣ್ಣಾ, ನೀ ಸಿಗರೇಟ ಇನ್ನಾ ಸೇದ್ತಿ ಏನು?"

"ಬಿಟ್ಟೀನಿ," ಅಂದೆ.

ಪ್ಯಾಕ್ ನನ್ನ ಒಳಜೇಬಿನಲ್ಲಿತ್ತು. ಅವತ್ತು ಬೆಳಿಗ್ಗೆ ಹಿತ್ತಲಲ್ಲಿ ಎರಡು ಸೇದಿ ಬಂದಿದ್ದೆ. ಬಾಯಿಯ ವಾಸನೆ ಅವನಿಗೆ ಗೇಣಿನಷ್ಟು ದೂರದಲ್ಲಿತ್ತು, ಆದರೆ ಅವನ ಮೂಗಿನಲ್ಲಿ ಕೊಳವೆ ಇತ್ತು. ಅವನು ನನ್ನನ್ನು ಇನ್ನೊಂದು ಮಾತು ಕೇಳಲಿಲ್ಲ, ಆಣೆ ಹಾಕಿಸಲಿಲ್ಲ. ಚಲೋ ಆತು ಎಂದು ತಲೆಯಾಡಿಸಿದ. ಆ ಚಳಿಗಾಲದಲ್ಲಿ ಅವನ ಮುಖ ಅಷ್ಟು ತಿಳಿಯಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಭಾಗ್ಯ ಈಗ ತಾಂಡೂರಿನಲ್ಲಿ ಅವಳ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಾಳೆ. ಅಪ್ಪನ ಕೆಟ್ಟ ಪಾಲು ಒಂದು ಅವಳಿಗೂ ಬಂದಿದೆ, ಅವ್ವನದು ಒಳ್ಳೆಯದಿದೆ. ಒಲೆಯ ಹೊಗೆ, ಕಲ್ಲಿನ ಪುಡಿ ಯಾವುದರ ಹತ್ತಿರವೂ ಹೋಗಬೇಡ ಎಂದು ತಿಂಗಳಿಗೊಮ್ಮೆ ಹೋಗಿ ಹೇಳಿ ಬರುತ್ತೇನೆ. ಅವಳು ದೊಡ್ಡಪ್ಪನ ಮಾತು ಎಂದು ಕೇಳುತ್ತಾಳೆ. ಕಳೆದ ವಾರವೂ ಅದಕ್ಕೇ ಹೊರಟಿದ್ದೆ. ಬಸ್ಸು ಬಂತು. ಮುದುಕ ಕೊನೆಯ ದಮ್ಮು ಎಳೆದು ಬೀಡಿ ಎಸೆದು, ನನಗಿಂತ ಮೊದಲೇ ಏರಿ ಕಿಟಕಿಯ ಪಕ್ಕ ಕೂತ. ಎಪ್ಪತ್ತೈದಾದರೂ ಆಗಿರಬೇಕು, ಒಂದು ಚೂರೂ ಏದುಸಿರು ಬಿಡಲಿಲ್ಲ.

ಆ ಭಾನುವಾರ ಹೇಳಿದ ಮಾತನ್ನು ನಿಜ ಮಾಡಲಿಕ್ಕೆ ನನಗೆ ಹನ್ನೆರಡು ದಿನ ಬೇಕಾದವು. ಮಾಳಪ್ಪ ಒಂಬತ್ತನೇ ದಿನ ಹೋದ.